ಬಾಗಿಲಲ್ಲಿ ಕೇಳಿದ ಪ್ರಶ್ನೆ

ಮೋಶೆಗೆ ದೊರೆತ ಹತ್ತು ಆಜ್ಞೆಗಳಲ್ಲಿ, ಸುಳ್ಳು ಹೇಳಬಾರದೆಂಬ ಮಾತು ಆ ರೂಪದಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಅನೇಕರು ಗಮನಿಸಿರಲಾರರು. ಅಲ್ಲಿ ನಿಷಿದ್ಧವಾಗಿರುವುದು ನೆರೆಯವನಿಗೆ ವಿರುದ್ಧವಾಗಿ ಸುಳ್ಳು ಸಾಕ್ಷಿ ನುಡಿಯುವುದು. ಹಾಗಾದರೆ ನೆರೆಯವನನ್ನು ಉಳಿಸಲೆಂದು ಆಡಿದ ಸುಳ್ಳಿನ ಗತಿಯೇನು? ಕ್ರೈಸ್ತ ಚಿಂತಕರು ಹದಿನಾರು ಶತಮಾನಗಳಿಂದ ಈ ಪ್ರಶ್ನೆಯೊಡನೆ ಹೆಣಗುತ್ತ ಬಂದಿದ್ದಾರೆ.

ಇದನ್ನು ಮೊದಲು ಪಟ್ಟುಹಿಡಿದು ವಿಚಾರಿಸಿದವರಲ್ಲಿ ಮುಖ್ಯನಾದವನು ಸಂತ ಅಗಸ್ಟೀನ್. ಇಂದಿನ ಅಲ್ಜೀರಿಯಕ್ಕೆ ಸೇರಿದ ತಗಾಸ್ತೆ ಎಂಬ ಊರಿನಲ್ಲಿ ಕ್ರಿ. ಶ. 354ರಲ್ಲಿ ಹುಟ್ಟಿದ ಈತನು ಸುಮಾರು 395ರಲ್ಲಿ ಸುಳ್ಳಿನ ವಿಷಯವಾಗಿಯೇ ಒಂದು ಗ್ರಂಥವನ್ನು ಬರೆದನು. ಮನಸ್ಸಿನಲ್ಲಿ ಒಂದನ್ನಿಟ್ಟುಕೊಂಡು ಮಾತಿನಿಂದಾಗಲಿ, ಬೇರೆ ಯಾವ ಸಂಕೇತದಿಂದಾಗಲಿ ಇನ್ನೊಂದನ್ನು ಸೂಚಿಸುವುದೇ ಸುಳ್ಳೆಂದು ಅವನ ನಿರ್ಣಯ. ಸುಳ್ಳುಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಅವುಗಳ ದೋಷದಲ್ಲಿ ಹೆಚ್ಚು ಕಡಿಮೆ ಉಂಟೆಂದು ಒಪ್ಪಿದನು. ಆದರೆ ನಿರ್ದೋಷವಾದುದು ಒಂದೂ ಇಲ್ಲವೆಂದನು. ಹರಿಶ್ಚಂದ್ರನ ಕಥೆ ಕೇಳಿ ಬೆಳೆದ ನಮಗೆ ಈ ನಿಷ್ಠುರತೆ ಪರಕೀಯವೆನಿಸಲಾರದು.

ಆದರೆ ಬೈಬಲ್ಲಿನಲ್ಲಿಯೇ ಒಂದು ತೊಡಕಿದೆ. ಇಬ್ರಿಯರ ಗಂಡುಮಕ್ಕಳನ್ನು ಹುಟ್ಟಿದೊಡನೆ ಕೊಲ್ಲಬೇಕೆಂದು ಐಗುಪ್ತದ ಅರಸನು ವಿಧಿಸಿದಾಗ ಸೂಲಗಿತ್ತಿಯರು ಕೊಲ್ಲಲಿಲ್ಲ. ತಾವು ಹೋಗುವಷ್ಟರಲ್ಲಿ ಹೆರಿಗೆಯೇ ಆಗಿಹೋಗಿರುತ್ತದೆ ಎಂದುಬಿಟ್ಟರು. ದೇವರು ಅವರಿಗೆ ಒಳ್ಳೆಯದನ್ನೇ ಮಾಡಿದನು. ಅಗಸ್ಟೀನನ ಸಮಾಧಾನವೆಂದರೆ, ಫಲ ದೊರೆತದ್ದು ಅವರ ದಯೆಗೆ, ಸುಳ್ಳಿಗಲ್ಲ ಎಂಬುದು. ತರ್ಕ ಚೆನ್ನಾಗಿದೆ. ಆದರೆ ಆ ಘಳಿಗೆಯಲ್ಲಿ ದಯೆಯನ್ನೂ ಸುಳ್ಳನ್ನೂ ಬೇರೆಮಾಡುವುದು ಆ ಹೆಂಗಸರಿಗೆ ಸಾಧ್ಯವಿತ್ತೆ?

ಸಾಧ್ಯವೆಂಬುದಕ್ಕೆ ಅಗಸ್ಟೀನನು ತನ್ನ ಊರಿನ ನಿದರ್ಶನವನ್ನೇ ಕೊಡುತ್ತಾನೆ. ಹಿಂದೆ ತಗಾಸ್ತೆಯಲ್ಲಿ ಫಿರ್ಮಸ್ ಎಂಬ ಬಿಷಪ್ ಇದ್ದನು. ಆಶ್ರಯ ಬೇಡಿ ಬಂದ ಒಬ್ಬನನ್ನು ಅವನು ಅಡಗಿಸಿಟ್ಟಿದ್ದನು. ಚಕ್ರವರ್ತಿಯ ಭಟರು ಬಂದು ಕೇಳಿದಾಗ, ತಾನು ಸುಳ್ಳನ್ನೂ ಹೇಳಲಾರೆ, ಆ ಮನುಷ್ಯನನ್ನೂ ಒಪ್ಪಿಸಲಾರೆ ಎಂದನು. ಚಿತ್ರಹಿಂಸೆ ಕೊಟ್ಟರೂ ಬಾಯಿಬಿಡಲಿಲ್ಲ. ಕೊನೆಗೆ ಚಕ್ರವರ್ತಿಯೇ ಅವನ ಸ್ಥೈರ್ಯಕ್ಕೆ ಮೆಚ್ಚಿ, ಅಡಗಿದ್ದವನನ್ನು ಕ್ಷಮಿಸಿದನಂತೆ. ಚಕ್ರವರ್ತಿ ಮೆಚ್ಚದೆ ಹೋಗಿದ್ದರೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಎಲ್ಲರೂ ಅಗಸ್ಟೀನನ ಮಾತಿಗೆ ತಲೆದೂಗಲಿಲ್ಲ. ಅವನ ಸಮಕಾಲೀನನಾದ ಜಾನ್ ಕಾಸಿಯನ್ ಎಂಬ ಸನ್ಯಾಸಿಯ ಗ್ರಂಥದಲ್ಲಿ ಸುಳ್ಳನ್ನು ಒಂದು ವಿಷಮೂಲಿಕೆಗೆ ಹೋಲಿಸಿದೆ: ಪ್ರಾಣಾಂತಿಕ ರೋಗದಲ್ಲಿ ಅದು ಮದ್ದು, ಆರೋಗ್ಯವಂತನಿಗೆ ಮೃತ್ಯು. ಆದರೂ ಪಶ್ಚಿಮದ ಚರ್ಚಿನಲ್ಲಿ ಮೇಲುಗೈಯಾದದ್ದು ಅಗಸ್ಟೀನನ ಮತವೇ. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸನು ಪರೋಪಕಾರದ ಸುಳ್ಳನ್ನು ಲಘುಪಾಪವೆಂದನು, ಪಾಪವಲ್ಲವೆನ್ನಲಿಲ್ಲ.

ನಿಯಮ ಬಿಗಿಯಾದಷ್ಟೂ ಸಂದು ಹುಡುಕುವ ಜಾಣತನವೂ ಬೆಳೆಯುತ್ತದೆ. 1585ರ ಇಂಗ್ಲೆಂಡಿನ ಕಾನೂನಿನಂತೆ ಜೆಸುಯಿಟ್ ಪಾದ್ರಿಯು ಆ ನೆಲದಲ್ಲಿರುವುದೇ ರಾಜದ್ರೋಹ, ಅವನಿಗೆ ಮನೆಯಲ್ಲಿ ಎಡೆಕೊಡುವುದು ಮರಣದಂಡನೆಯ ಅಪರಾಧ. ಆಗ ಒಂದು ಉಪಾಯ ಹೊರಟಿತು. ಪಾದ್ರಿಯನ್ನು ನೋಡಿಲ್ಲವೆಂದು ಬಾಯಲ್ಲಿ ಹೇಳಿ, ನಿಮಗೆ ತಿಳಿಸುವುದಕ್ಕಾಗಿ ನೋಡಿಲ್ಲವೆಂದು ಮನಸ್ಸಿನಲ್ಲಿ ಪೂರ್ತಿಮಾಡಿಕೊಳ್ಳುವುದು! ಕೇಳುವ ದೇವರಿಗೆ ಇಡೀ ವಾಕ್ಯ, ಅಧಿಕಾರಿಗೆ ಅರ್ಧ. ಇದನ್ನು ಸಮರ್ಥಿಸಿದ ಹೆನ್ರಿ ಗಾರ್ನೆಟ್ ಪಾದ್ರಿಯನ್ನು, ಸಂಸತ್ತನ್ನು ಸಿಡಿಸುವ ಒಳಸಂಚಿನ ಮೊಕದ್ದಮೆಯಲ್ಲಿ 1606ರಲ್ಲಿ ಗಲ್ಲಿಗೇರಿಸಿದರು. 1679ರಲ್ಲಿ ಪೋಪರೇ ಇಂತಹ ಮಾತಿನ ಚಮತ್ಕಾರವನ್ನು ಖಂಡಿಸಿದರು. ಖಂಡನೆ ಸರಿಯೇ; ಆದರೆ ಈ ಉಪಾಯ ಹುಟ್ಟಿದ್ದು ಕಪಟದಿಂದಲ್ಲ, ಭಯದಿಂದ ಎಂಬುದನ್ನು ಮರೆಯುವಂತಿಲ್ಲ.

ಅದೇ ಪ್ರಶ್ನೆ 1942ರ ಆಗಸ್ಟಿನಲ್ಲಿ ಫ್ರಾನ್ಸಿನ ಲ ಶಾಂಬೊನ್ ಎಂಬ ಬೆಟ್ಟದ ಹಳ್ಳಿಯ ಬಾಗಿಲು ತಟ್ಟಿತು. ಅಲ್ಲಿನವರು ಬಹುತೇಕ ಪ್ರಾಟೆಸ್ಟಂಟರು. ಹಿಂದೊಮ್ಮೆ ಧರ್ಮಕ್ಕಾಗಿ ತಾವೂ ಬೇಟೆಗೆ ಒಳಗಾದವರ ಸಂತತಿ. ಅಡಗಿರುವ ಯೆಹೂದ್ಯರ ಹೆಸರುಗಳನ್ನು ಪೋಲೀಸರು ಕೇಳಿದಾಗ ಪಾದ್ರಿ ಆಂದ್ರೆ ಟ್ರೊಕ್ಮೆ ಕೊಡಲೊಪ್ಪಲಿಲ್ಲ. ಹಿಡಿದೊಯ್ಯಲು ತಂದ ಬಸ್ಸುಗಳು ಬಹುಮಟ್ಟಿಗೆ ಖಾಲಿಯಾಗಿಯೇ ಹಿಂದಿರುಗಿದವು. ಇಲ್ಲಿಯವರೆಗೆ ಇದು ಫಿರ್ಮಸನ ದಾರಿ. ಆದರೆ ಮೌನವೊಂದರಿಂದಲೇ ಮಕ್ಕಳನ್ನು ವರ್ಷಗಟ್ಟಲೆ ಕಾಪಾಡಲಾಗುವುದಿಲ್ಲ. ಹಳ್ಳಿಯಲ್ಲಿ ಸುಳ್ಳು ಹೆಸರಿನ ಗುರುತುಚೀಟಿಗಳು ತಯಾರಾದವು, ಸುಳ್ಳು ಪಡಿತರಚೀಟಿಗಳು ಓಡಾಡಿದವು. ಟ್ರೊಕ್ಮೆಯ ಹೆಂಡತಿ ಮಾಗ್ದಾಳಿಗೆ, ಎಷ್ಟೋ ವರ್ಷಗಳ ಮೇಲೂ ಆ ಚೀಟಿಗಳ ನೆನಪು ಮನಸ್ಸನ್ನು ಚುಚ್ಚುತ್ತಿತ್ತು. ಜೀವ ಉಳಿಸಿದವರಲ್ಲಿ ಈ ಅಳುಕು ಉಳಿಯಿತಲ್ಲ, ಅದೇ ನನಗೆ ಅಗಸ್ಟೀನನ ಎಂಟು ವರ್ಗಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

1943ರಲ್ಲಿ ಟ್ರೊಕ್ಮೆಯನ್ನು ಸೆರೆಶಿಬಿರಕ್ಕೆ ಒಯ್ದರು. ಸರ್ಕಾರದ ಆಜ್ಞೆಗಳನ್ನು ಪಾಲಿಸುವೆನೆಂದು ಸಹಿ ಹಾಕಿದರೆ ಬಿಡುಗಡೆ ಎಂದರು. ಅವನೂ ಅವನ ಜೊತೆಯ ಪಾದ್ರಿ ಎಡುವಾರ್ ಟೈಸನೂ ಹಾಕಲಿಲ್ಲ, ಆದರೂ ಬಿಡುಗಡೆಯಾಯಿತು. ಮುಂದೆ ತಲೆಮರೆಸಿಕೊಂಡಿದ್ದ ದಿನಗಳಲ್ಲಿ ಅವನ ಜೇಬಿನಲ್ಲಿ ಬೆಗೆ ಎಂಬ ಸುಳ್ಳು ಹೆಸರಿನ ಚೀಟಿಯಿತ್ತು. ಲಿಯೋನ್ ನಗರದ ರೈಲ್ವೆ ನಿಲ್ದಾಣದಲ್ಲಿ ಜರ್ಮನರು ಅವನನ್ನು ತಡೆದು ನಿಲ್ಲಿಸಿದರು. ಚೀಟಿಯನ್ನು ಹೊತ್ತು ತಿರುಗಿದವನು, ನಿನ್ನ ಹೆಸರು ಇದೇ ಏನೆಂದು ಕೇಳಿದರೆ ಅಲ್ಲವೆಂದೇ ಹೇಳುವುದಾಗಿ ಆಗ ನಿಶ್ಚಯಿಸಿಕೊಂಡನು. ಅಷ್ಟರಲ್ಲಿ ಕಾವಲುಗಾರರ ಗಮನ ಸಡಿಲವಾಯಿತು. ಮಗನೊಡನೆ ಜನಸಂದಣಿಯಲ್ಲಿ ಸೇರಿ ಟ್ರೊಕ್ಮೆ ಕಣ್ಮರೆಯಾದನು. ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಲಿಲ್ಲ.