ಚಳ್ಳಕೆರೆ, ಮೊಳಕಾಲ್ಮೂರು: ಸರಾಸರಿಯಲ್ಲಿ ಕಾಣದ ಬಡತನ

ತಲಾ ಆದಾಯದಲ್ಲಿ ಕರ್ನಾಟಕ ದೇಶದ ಮುಂಚೂಣಿ ರಾಜ್ಯಗಳಲ್ಲೊಂದು. ಆ ಲೆಕ್ಕದಲ್ಲಿ ಬೆಂಗಳೂರಿನ ತೂಕವೇ ಹೆಚ್ಚು. ಚಿತ್ರದುರ್ಗ ಜಿಲ್ಲೆಯ ಈಶಾನ್ಯಕ್ಕೆ, ಆಂಧ್ರದ ಗಡಿಗೆ ಒತ್ತಿಕೊಂಡಿರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಬದುಕು ಬೇರೆಯೇ.

ಶೇಂಗಾ ಮತ್ತು ಎಣ್ಣೆ

ಇಲ್ಲಿ ಬೀಳುವ ಮಳೆ ವರ್ಷಕ್ಕೆ 500 ಮಿ.ಮೀ. ಆಸುಪಾಸು. ಕೆಂಪು ನೆಲದ ಮುಖ್ಯ ಬೆಳೆ ಶೇಂಗಾ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೂ ಗಿಡ ಹಸಿರಾಗಿಯೇ ಇರುತ್ತದೆ. ಕಿತ್ತು ನೋಡಿದರೆ ಬುಡದಲ್ಲಿ ಬರೀ ಜೊಳ್ಳು. ಬಿತ್ತನೆ ಬೀಜ, ಗೊಬ್ಬರಕ್ಕೆ ಮಾಡಿದ ಸಾಲ ಮಾತ್ರ ಹಾಗೇ ನಿಲ್ಲುತ್ತದೆ. ಆಮೇಲೆ ಉಳಿಯುವುದು ಗುಳೆ: ಬೆಂಗಳೂರಿನ ಕಟ್ಟಡ ಕೆಲಸ, ಇಲ್ಲವೇ ಮಲೆನಾಡಿನ ಕಾಫಿ ತೋಟ.

ಎಣ್ಣೆ ಗಿರಣಿಗಳಿಂದ ಚಳ್ಳಕೆರೆಗೆ ‘ಎಣ್ಣೆ ನಗರ’ ಎಂಬ ಹೆಸರು ಬಂದಿತ್ತು. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾಯಿತು. ಅಗ್ಗದ ಎಣ್ಣೆಯೆದುರು ಶೇಂಗಾ ಎಣ್ಣೆ ಸೋತು ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು.

ಮಗ್ಗ, ಕಾವಲು

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಅಂಚಿಗೊಂದು, ಒಡಲಿಗೊಂದು ಲಾಳಿ ಓಡಿಸಿ ದಿನಗಟ್ಟಲೆ ನೇಯುವ ಬಹುತೇಕರು ಮಾಲೀಕರಿಂದ ರೇಷ್ಮೆ ಪಡೆದು ಕೂಲಿಗೆ ದುಡಿಯುವವರು. ಸೀರೆಯ ಬೆಲೆ ಏರಿದಷ್ಟು ಕೂಲಿ ಏರುವುದಿಲ್ಲ.

ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಸಂಸ್ಥೆಗಳ ಪಾಲಾಗಿದೆ. ಇಸ್ರೋದ ಮರುಬಳಕೆ ಉಡಾವಣಾ ವಾಹನ ‘ಪುಷ್ಪಕ್’ 2024ರಲ್ಲಿ ಇಲ್ಲಿಯೇ ಇಳಿಯಿತು. ಅದು ಹೆಮ್ಮೆಯ ಸಂಗತಿಯೇ. ಆದರೆ ಕುರಿ ಮೇಯಿಸಿ, ಕಂಬಳಿ ನೇಯ್ದು ಬದುಕುತ್ತಿದ್ದವರ ಹುಲ್ಲುಗಾವಲು ಬೇಲಿಯೊಳಗೆ ಸೇರಿತು.

ಗೆರೆ ಎಳೆಯುವ ತೊಂದರೆ

ಒಂದು ಭಾಗ ಬೆಳೆಯುವಾಗ ಇನ್ನೊಂದು ಹಿಂದುಳಿಯುವ ಸ್ಥಿತಿ 1930ರ ದಶಕದ ಬ್ರಿಟನ್ನಿನಲ್ಲೂ ಇತ್ತು. ಲಂಡನ್ ಸುತ್ತ ಹೊಸ ಕಾರ್ಖಾನೆಗಳು ಏಳುತ್ತಿದ್ದಾಗ ಕಲ್ಲಿದ್ದಲು, ಹಡಗು ಕಟ್ಟುವ ಉತ್ತರದ ಊರುಗಳು ಕೆಲಸವಿಲ್ಲದೆ ಕೂತಿದ್ದವು. 1936ರಲ್ಲಿ ಜಾರೋ ಪಟ್ಟಣದ ಸುಮಾರು 200 ಮಂದಿ ಕೆಲಸ ಕೇಳುತ್ತ ಲಂಡನ್ನಿಗೆ ನಡೆದರು. 1934ರ ಕಾಯ್ದೆ ನೆರವಿಗೆಂದು ಕೆಲವು ಪ್ರದೇಶಗಳನ್ನು ‘ವಿಶೇಷ’ ಎಂದು ಗುರುತಿಸಿತು. ಹತ್ತಿಗಿರಣಿಗಳು ಮುಚ್ಚಿದ್ದ ಲ್ಯಾಂಕಾಶೈರ್ ಆ ಗೆರೆಯ ಹೊರಗುಳಿಯಿತು.

ನಮ್ಮಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳಿಂದ ತಾಲ್ಲೂಕುಗಳನ್ನು ಅಳೆಯಿತು. 175ರಲ್ಲಿ 114 ಹಿಂದುಳಿದಿದ್ದವು, ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಅವುಗಳಲ್ಲಿ ಸೇರಿದ್ದವು. ಜಿಲ್ಲೆ ಬಿಟ್ಟು ತಾಲ್ಲೂಕನ್ನು ಲೆಕ್ಕಕ್ಕೆ ಹಿಡಿದದ್ದೇ ಆ ವರದಿಯ ದೊಡ್ಡ ಕೊಡುಗೆ.

ರಾಜ್ಯದ ಈಶಾನ್ಯ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿ ಮಾತ್ರ ಜಿಲ್ಲೆಯ ಗಡಿ ನೋಡಿತು. ಪಕ್ಕದ ಬಳ್ಳಾರಿಗೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲಾತಿ ಸಿಕ್ಕಿತು. ಅದೇ ಬಿಸಿಲು, ಅದೇ ಬರದ ಮೊಳಕಾಲ್ಮೂರಿಗೆ ಇಲ್ಲ. ಬೇರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ತಾಲ್ಲೂಕನ್ನು 2018ರಲ್ಲಿ ಬಳ್ಳಾರಿಗೆ ಸೇರಿಸಿದ ಮೇಲಷ್ಟೇ ಅದಕ್ಕೆ ಆ ಸೌಲಭ್ಯ ದಕ್ಕಿತು. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಸಮಿತಿ ನೇಮಕವಾಯಿತು. ಇನ್ನಾದರೂ ಅನುದಾನ, ಮೀಸಲಾತಿ ಎರಡಕ್ಕೂ ತಾಲ್ಲೂಕಿನ ಸ್ಥಿತಿಯೇ ಅಳತೆಗೋಲಾಗಬೇಕು.