‘ಮುಟ್ಟು’ ನಿಂತ ಮೇಲೆ

ಚಿತ್ರದುರ್ಗ ಸೀಮೆಯ ಹಳ್ಳಿಗಳಲ್ಲಿ ನಡುವಯಸ್ಸಿನ ಹೆಂಗಸರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಾಗ ‘ಋತುಬಂಧ’ ಎನ್ನುವುದಿಲ್ಲ, ‘ನಂದು ನಿಂತೈತೆ’ ಎನ್ನುತ್ತಾರೆ. ಏನು ನಿಂತಿತೆಂದು ಯಾರೂ ಕೇಳುವುದಿಲ್ಲ. ಬಾಯಿಗೆ ಬಾರದೆ ಉಳಿದ ಆ ಪದ ‘ಮುಟ್ಟು’.

ಇದು ಅಚ್ಚ ದ್ರಾವಿಡ ಪದ. ತಮಿಳಿನಲ್ಲಿ ‘ಮುಟ್ಟು’ ಎಂದರೆ ತಾಗು, ಡಿಕ್ಕಿ ಹೊಡೆ, ತಡೆ. ತೆಲುಗಿನಲ್ಲಿ ತಾಗುವುದಕ್ಕೆ ‘ಮುಟ್ಟು’, ತಿಂಗಳ ಸ್ರಾವಕ್ಕೆ ‘ಮುಟ್ಲು’. ಕನ್ನಡದಲ್ಲಂತೂ ಈ ಪದ ಮಾಡದ ಕೆಲಸವಿಲ್ಲ. ಕೈಯಿಂದ ಮುಟ್ಟುತ್ತೇವೆ, ಊರು ಮುಟ್ಟುತ್ತೇವೆ, ಸುದ್ದಿ ಮುಟ್ಟಿಸುತ್ತೇವೆ. ಒಳ್ಳೆಯ ಮಾತು ಮನಸ್ಸು ಮುಟ್ಟುತ್ತದೆ. ಕೈಯಲ್ಲಿ ಹಿಡಿದು ದುಡಿಯುವ ಸಲಕರಣೆಗೂ ಹಳಬರು ‘ಮುಟ್ಟು’ ಎಂದೇ ಹೆಸರಿಟ್ಟರು. ತಾಗುವುದು, ತಲುಪುವುದು, ದುಡಿಯುವುದು: ಇವಿಷ್ಟರಲ್ಲಿ ಮೈಲಿಗೆಯ ಸೋಂಕೇ ಇಲ್ಲ.

ಮೈಲಿಗೆ ಬಂದದ್ದು ಹೆಣ್ಣಿನ ಮೈಗೆ ಈ ಪದ ಅಂಟಿಕೊಂಡಾಗ. ತಾಗಬಾರದ ದಿನಗಳಿಗೇ ತಾಗುವ ಪದ ಹೆಸರಾಯಿತು. ಅದನ್ನು ಬಿಡಿಸಿ ಹೇಳಲು ಹಿಂಜರಿದು ‘ಹೊರಗೆ ಕೂತಿದ್ದಾಳೆ’, ‘ದೂರ ಇದ್ದಾಳೆ’, ‘ಕಾಗೆ ಮುಟ್ಟೈತೆ’ ಎಂದರು. ಹಿರಿಯೂರು, ಹೊಸದುರ್ಗ ಕಡೆಯ ಹಲವು ಗೊಲ್ಲರಹಟ್ಟಿಗಳಲ್ಲಿ ‘ಹೊರಗೆ’ ಎಂಬುದು ಬರೀ ಮಾತಾಗಿರಲಿಲ್ಲ. ಮುಟ್ಟಾದವಳು, ಹಡೆದವಳು ಹಟ್ಟಿಯ ಆಚೆ ಗುಡಿಸಲಿನಲ್ಲಿ ಮಳೆ ಚಳಿ ಎನ್ನದೆ ದಿನ ಕಳೆಯುತ್ತಿದ್ದಳು. ಹೀಗೆ ಬಲವಂತವಾಗಿ ಹೊರಗಿಡುವುದನ್ನು 2017ರ ಮೌಢ್ಯ ಪ್ರತಿಬಂಧಕ ಕಾಯ್ದೆ ಅಪರಾಧವೆಂದಿತು. ಅದಕ್ಕೂ ಬಹಳ ಹಿಂದೆ, 12ನೆಯ ಶತಮಾನದಲ್ಲೇ, ಶರಣರು ರಜಸ್ಸು, ಅಂದರೆ ಮುಟ್ಟು, ಸೇರಿದಂತೆ ಐದು ಬಗೆಯ ಮೈಲಿಗೆಗಳಾದ ಪಂಚಸೂತಕಗಳನ್ನು ಅಲ್ಲಗಳೆದಿದ್ದರು. ಅವರ ಮಾತನ್ನು ಸಿರಿಗೆರೆ, ಸಾಣೇಹಳ್ಳಿಗಳ ಮಠಗಳು ಇದೇ ಜಿಲ್ಲೆಯಿಂದ ನಾಡಿಗೆಲ್ಲ ಸಾರುತ್ತ ಬಂದಿವೆ.

ಪುಸ್ತಕದ ಭಾಷೆಯಲ್ಲಿ ಮುಟ್ಟು ನಿಲ್ಲುವ ಘಟ್ಟಕ್ಕೆ ಬೇರೆ ಹೆಸರುಗಳಿವೆ. ‘ಋತು’ ಎಂದರೆ ನಿಯತವಾಗಿ ಬರುವ ಕಾಲ. ಅದರಿಂದ ‘ಋತುಬಂಧ’, ರಜಸ್ಸಿನಿಂದ ‘ರಜೋನಿವೃತ್ತಿ’. ಸ್ರಾವ 12ನೆಯ ವಯಸ್ಸಿಗೆ ಶುರುವಾಗಿ 50ಕ್ಕೆ ನಿಲ್ಲುತ್ತದೆಂದು ಸುಶ್ರುತ ಸಂಹಿತೆ ಅಂದೇ ಗುರುತಿಸಿತ್ತು. ಇಂಗ್ಲಿಷಿನ ‘ಮೆನೋಪಾಸ್’ಗೆ ಅಷ್ಟು ವಯಸ್ಸಾಗಿಲ್ಲ. ಫ್ರಾನ್ಸಿನ ವೈದ್ಯ ಗಾರ್ಡಾನ್ 1821ರಲ್ಲಿ ಗ್ರೀಕಿನ ತಿಂಗಳು, ನಿಲುಗಡೆ ಎಂಬ ಎರಡು ಪದ ಕೂಡಿಸಿ ಅದನ್ನು ಚಲಾವಣೆಗೆ ತಂದ.

ಇಷ್ಟೆಲ್ಲ ಹೆಸರುಗಳೂ ಹೇಳುವುದು ಒಂದೇ: ನಿಂತಿತು. ಮೂವತ್ತು ವರ್ಷ ‘ದೂರ’ ಕೂತವಳಿಗೆ ಅದು ಬಿಡುಗಡೆಯಾಗಿಯೇ ಕೇಳಿಸಿತು. ಪೂಜೆ, ಜಾತ್ರೆ, ಅಡಿಗೆಮನೆ ಎಲ್ಲದಕ್ಕೂ ಇನ್ನು ಅಡ್ಡಿಯಿಲ್ಲ. ಆದರೆ ಮುಟ್ಟು ನಿಂತರೆ ಹೆಣ್ಣಿನ ಆರೋಗ್ಯದ ಲೆಕ್ಕವೂ ಮುಗಿಯಿತೆಂದು ಮನೆಯವರು ತಿಳಿದರು, ಅವಳೂ ಹಾಗೆಯೇ ನಂಬಿದಳು. ತಪ್ಪಾದದ್ದು ಇಲ್ಲೇ.

ಸತತ 12 ತಿಂಗಳು ಸ್ರಾವವಿಲ್ಲದಿದ್ದರೆ ಮುಟ್ಟು ನಿಂತಿತೆಂದು ವೈದ್ಯರು ಹೇಳುತ್ತಾರೆ. ನಮ್ಮ ದೇಶದಲ್ಲಿ ಅದು ಸಾಮಾನ್ಯವಾಗಿ 46–47ರ ಸುಮಾರಿಗೆ. ಈಸ್ಟ್ರೋಜನ್ ಹಾರ್ಮೋನು ಇಳಿದಂತೆ ಇದ್ದಕ್ಕಿದ್ದಂತೆ ಮುಖ, ಎದೆ ಬಿಸಿಯೇರಿ ಬೆವರು ಕಿತ್ತುಬರುತ್ತದೆ, ನಿದ್ದೆ ಹಾರುತ್ತದೆ, ಸಣ್ಣದಕ್ಕೂ ಸಿಡುಕು ಬರುತ್ತದೆ. ಕಣ್ಣಿಗೆ ಕಾಣದೆ ಮೂಳೆ ಸವೆಯುತ್ತದೆ. ಮೊದಲ ಕೆಲವು ವರ್ಷ ಆ ಸವೆತಕ್ಕೆ ವೇಗ ಹೆಚ್ಚು. ಹೃದಯದ ಕಾಯಿಲೆಯ ಅಪಾಯವೂ ಏರುತ್ತದೆ.

ಮೂಳೆಗೆ ಬೇಕಾದದ್ದು ಈ ಸೀಮೆಯ ಹೊಲದಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳಿದೆ. ಎರಡು ಹೊತ್ತು ಮುದ್ದೆ, ಜೊತೆಗೆ ಬೆರಕೆಸೊಪ್ಪಿನ ಸಾರು, ಮೊಸರೋ ಮಜ್ಜಿಗೆಯೋ, ಒಂದಿಷ್ಟು ಎಳ್ಳಿನ ಚಟ್ನಿಪುಡಿ ಇದ್ದರೆ ಹೆಚ್ಚುಪಾಲು ತುಂಬುತ್ತದೆ. ಹುರುಳಿ, ಅವರೆ, ಶೇಂಗಾ ಮೈಗೆ ಕಸುವು ಕೊಡುತ್ತವೆ. ಹೊಸದುರ್ಗದ ಸಾವೆ ಅಕ್ಕಿ ನಾರಿನಂಶಕ್ಕೆ ಹೆಸರಾದದ್ದು. ತೊಡಕಿರುವುದು ಉಣ್ಣುವ ಸರದಿಯಲ್ಲಿ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳ ತಟ್ಟೆಗೆ ಮುದ್ದೆಯೇನೋ ಬೀಳುತ್ತದೆ. ಆದರೆ ಅಷ್ಟು ಹೊತ್ತಿಗೆ ಸಾರಿನ ಗಟ್ಟಿ ಮುಗಿದು ತಿಳಿ ಉಳಿದಿರುತ್ತದೆ, ಮೊಸರಿನ ಪಾತ್ರೆ ಬರಿದಾಗಿರುತ್ತದೆ.

ಹೊಳಲ್ಕೆರೆಯ ತೋಟದಲ್ಲಿ ಕೂತು ದಿನವಿಡೀ ಅಡಿಕೆ ಸುಲಿಯುವುದು ದುಡಿಮೆ ನಿಜ, ಮೂಳೆಗೆ ಬೇಕಾದ ವ್ಯಾಯಾಮವಲ್ಲ. ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ, ವಾರಕ್ಕೆರಡು ಸಲ ತೋಳು, ತೊಡೆಗೆ ಬಲ ಕೊಡುವ ಕಸರತ್ತು ಬೇಕು. ಎಳೆಬಿಸಿಲು ಮೈಗೆ ಬೀಳಲಿ. ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪನ್ನು ಬಿಡಲೇಬೇಕು. ಹಿರಿಯೂರಿನ ಬೇಸಿಗೆಯಲ್ಲಿ ಒಳಗಿನ ಬಿಸಿಗೆ ಹೊರಗಿನ ಝಳವೂ ಸೇರುತ್ತದೆ. ನೂಲಿನ ಸಡಿಲ ಬಟ್ಟೆ, ಸಂಜೆ ಮೇಲೆ ಕಾಫಿ, ಟೀ ಕಡಿತ, ರಾತ್ರಿ ಗಾಳಿಯಾಡುವ ಜಾಗದಲ್ಲಿ ಮಲಗುವುದು ಇದಕ್ಕೆ ಹಿತ. ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಅದರಿಂದಲೂ ಕೀಲು ಹಿಡಿಯುತ್ತದೆ. ಆದ್ದರಿಂದ ಮಂಡಿನೋವಿಗೆಲ್ಲ ವಯಸ್ಸನ್ನೇ ದೂರದೆ ಕುಡಿಯುವ ನೀರನ್ನೂ ಪರೀಕ್ಷಿಸಿಕೊಳ್ಳಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ‘ಮತ್ತೆ ಬಂತು’ ಎಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಬೇಕು. ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಬಿಪಿ, ಸಕ್ಕರೆ, ಸ್ತನ ಮತ್ತು ಗರ್ಭಕೊರಳಿನ ತಪಾಸಣೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಏರ್ಪಾಡಿದೆ, 30 ದಾಟಿದವರಿಗೆಲ್ಲ ಅದು ಮುಕ್ತ. ಬಿಸಿ, ನಿದ್ದೆಗೇಡು ಸಹಿಸಲಾಗದಷ್ಟಾದರೆ ಔಷಧವೂ ಇದೆ. ‘ಇನ್ಯಾಕೆ ಬೇಕು, ತೆಗೆಸಿಬಿಡು’ ಎಂದು ಗರ್ಭಕೋಶ ತೆಗೆಸುವ ಆತುರ ಬೇಡ. ಕಾರಣವೇನೆಂದು ಕೇಳಿ, ಇನ್ನೊಬ್ಬ ವೈದ್ಯರನ್ನೂ ವಿಚಾರಿಸಿ.

ಮುಟ್ಟು ಎಂಬ ಪದಕ್ಕೆ ತಲುಪುವ ಅರ್ಥವೂ ಇದೆಯಲ್ಲ, ಅದನ್ನು ನಾವೀಗ ಬಳಕೆಗೆ ತರಬೇಕು. ಬಾಣಂತಿಗೆ ಮುಟ್ಟುವ ಆರೈಕೆ ಮುಟ್ಟು ನಿಂತ ತಾಯಿಗೂ ಮುಟ್ಟಲಿ. ಮನೆಯ ಗಂಡಸರೇ, ಮಕ್ಕಳೇ, ಇವತ್ತಿನ ಊಟಕ್ಕೆ ಅವರನ್ನು ನಿಮ್ಮ ಜೊತೆಯಲ್ಲೇ ಕೂರಿಸಿಕೊಳ್ಳಿ. ಈ ವಾರವೇ ಆಸ್ಪತ್ರೆಗೆ ಕರೆದೊಯ್ದು ತಪಾಸಣೆ ಮಾಡಿಸಿ.