ಮೈಸೂರಿನ ರಾಕೆಟ್ಟಿನಿಂದ ‘ಅಗ್ನಿ’ಯವರೆಗೆ: ಸೋತ ಪರೀಕ್ಷೆಗಳ ಇತಿಹಾಸ

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಸಂಘದ ಕನ್ನಡ ಕಲಿ ತರಗತಿಯ ಮಕ್ಕಳನ್ನು ಲಂಡನ್ನಿನ ವೂಲಿಚ್‌ಗೆ ಕರೆದುಕೊಂಡು ಹೋಗಿದ್ದೆವು. ಥೇಮ್ಸ್ ನದಿಯ ದಂಡೆಯಲ್ಲಿ ಒಂದು ಕಾಲಕ್ಕೆ ಬ್ರಿಟಿಷ್ ಸಾಮ್ರಾಜ್ಯದ ಶಸ್ತ್ರಾಗಾರವಾಗಿದ್ದ ಕಟ್ಟಡಗಳಲ್ಲಿ ಅನೇಕವು ಇಂದು ವಸತಿ ಗೃಹಗಳಾಗಿವೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅಲ್ಲಿ ದೊರೆತ ರಾಕೆಟ್ಟುಗಳಲ್ಲಿ ಕೆಲವು ಪರಿಶೀಲನೆಗೆಂದು ಬಂದು ತಲುಪಿದ್ದು ಇದೇ ಊರಿಗೆ. ಈ ಸಂಗತಿಯನ್ನು ನಾವು ತುಸು ಹೆಮ್ಮೆಯಿಂದಲೇ ವಿವರಿಸುತ್ತಿದ್ದಾಗ ಹನ್ನೊಂದು ವರ್ಷದ ಬಾಲಕಿಯೊಬ್ಬಳು ಕೇಳಿದಳು: “ಅಂಕಲ್, ರಾಕೆಟ್ ಮೊದಲು ನಮ್ಮ ಹತ್ರಾನೇ ಇತ್ತು ಅಂದ್ರೆ, ಮತ್ತೆ ನಾವು ಯಾಕೆ ಸೋತ್ವಿ?”

ಆ ಕ್ಷಣದಲ್ಲಿ ನಮಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ರೈಲು ಹತ್ತಿ ಮನೆಗೆ ಮರಳುವಾಗಲೂ ಆ ಪ್ರಶ್ನೆ ನಮ್ಮ ಜೊತೆಗೇ ಇತ್ತು. ಅದಕ್ಕೆ ಉತ್ತರ ಹುಡುಕುತ್ತ ಓದಿಕೊಂಡದ್ದನ್ನು ಸಂಘದ ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ. ವೃತ್ತಿಯಿಂದ ನಾವು ವೈದ್ಯರು, ಇತಿಹಾಸ ನಮಗೆ ಹವ್ಯಾಸ ಮಾತ್ರ. ಆದ್ದರಿಂದ ವೈದ್ಯರ ಕಣ್ಣಿಗೆ ಕಂಡಂತೆ ಬರೆಯುತ್ತಿದ್ದೇವೆ.

ಮೊದಲು ಮೈಸೂರಿನ ಮಾತು. 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನ ಕಾಳಗದಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಲಿಯ ಪಡೆಯನ್ನು ಸೋಲಿಸಿತು. ಮದ್ದುಗುಂಡಿನ ಬಂಡಿಗಳು ಸಿಡಿದು ಕಂಪನಿಯ ಸೈನ್ಯ ದಿಕ್ಕೆಟ್ಟದ್ದರಲ್ಲಿ ರಾಕೆಟ್ಟುಗಳ ಪಾಲೂ ಇತ್ತು ಎನ್ನುತ್ತಾರೆ. ಈ ರಾಕೆಟ್ಟಿನ ವೈಶಿಷ್ಟ್ಯ ಅದರ ಕಬ್ಬಿಣದ ಕೊಳವೆ. ಅಂದಿನ ಯುರೋಪಿನ ರಾಕೆಟ್ಟುಗಳ ಹೊದಿಕೆ ಕಾಗದ ಅಥವಾ ರಟ್ಟಿನದಾಗಿರುತ್ತಿತ್ತು. ಕಬ್ಬಿಣವಾದರೆ ಒಳಗಿನ ಅನಿಲದ ಹೆಚ್ಚಿನ ಒತ್ತಡವನ್ನು ತಾಳಬಲ್ಲದು, ಒತ್ತಡ ಹೆಚ್ಚಿದಂತೆ ನೂಕುಬಲವೂ ಹೆಚ್ಚುತ್ತದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಇಂತಹ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತ ಸುದ್ದಿ ನಮ್ಮಲ್ಲಿ ಹಲವರಿಗೆ ನೆನಪಿರಬಹುದು.

ವೂಲಿಚ್‌ನಲ್ಲಿ ಈ ಮಾದರಿಯ ಬೆನ್ನು ಹತ್ತಿದವನು ವಿಲಿಯಂ ಕಾನ್‌ಗ್ರೀವ್. ಲಂಡನ್ನಿನಲ್ಲಿ ದೊರೆಯುತ್ತಿದ್ದ ಅತಿ ದೊಡ್ಡ ರಾಕೆಟ್ಟುಗಳನ್ನು ಕೊಂಡು ಹಾರಿಸಿ ನೋಡಿದಾಗ ಅವು ಮೈಸೂರಿನ ರಾಕೆಟ್ಟು ಕ್ರಮಿಸುತ್ತಿದ್ದ ದೂರದ ಅರ್ಧವನ್ನೂ ಮುಟ್ಟಲಿಲ್ಲ. ಅವನು ಅಲ್ಲಿಗೆ ನಿಲ್ಲಿಸಲಿಲ್ಲ. ಮದ್ದಿನ ಮಿಶ್ರಣ ಬದಲಿಸಿದ, ಕೊಳವೆಯ ಅಳತೆ ಬದಲಿಸಿದ, ಪ್ರತಿ ಸಲವೂ ಹೋದ ದೂರವನ್ನು ಅಳೆದು ಬರೆದಿಟ್ಟ. 1805ರಲ್ಲಿ ಫ್ರಾನ್ಸಿನ ಬೊಲೋನ್ ಬಂದರಿನ ಮೇಲೆ ನಡೆಸಲು ಹೊರಟ ಮೊದಲ ದಾಳಿ ಕೈಗೂಡಲಿಲ್ಲ. ಮರುವರ್ಷ ಮತ್ತೆ ಹೋದ. 1807ರಲ್ಲಿ ಕೋಪನ್‌ಹೇಗನ್ ನಗರ ಅವನ ರಾಕೆಟ್ಟುಗಳಿಗೂ ತುತ್ತಾಗಿ ಉರಿಯಿತು.

ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದಾಗ, 1985ರಲ್ಲಿ, ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಹೋಲಿಸಿ ಪ್ರಬಂಧವೊಂದನ್ನು ಬರೆದರು. ಅದನ್ನು ಓದಿದ ಮೇಲೆ ನಮಗೆ ಕಂಡದ್ದಿಷ್ಟು: ನಮ್ಮ ಕಮ್ಮಾರರ ಕೈಚಳಕಕ್ಕೆ ಕೊರತೆ ಇರಲಿಲ್ಲ. ಆದರೆ ಆ ಜ್ಞಾನ ಕೈಯಿಂದ ಕೈಗೆ ದಾಟುತ್ತಿತ್ತೇ ಹೊರತು ಅಳತೆಯಾಗಿ, ಬರಹವಾಗಿ ಉಳಿಯಲಿಲ್ಲ. ರಾಜ್ಯ ಮುರಿದಾಗ ಕುಲುಮೆಗಳು ಆರಿದವು, ವಿದ್ಯೆಯೂ ಆರಿತು.

ಸುಮಾರು ನೂರೆಂಬತ್ತು ವರ್ಷಗಳ ಅನಂತರ ಸ್ವತಂತ್ರ ಭಾರತ ಕ್ಷಿಪಣಿ ಕಟ್ಟಲು ಹೊರಟಾಗ ಕಲಿಯಬೇಕಾಗಿ ಬಂದದ್ದು ಇದನ್ನೇ. 1970ರ ದಶಕದಲ್ಲಿ ಹೈದರಾಬಾದಿನ ರಕ್ಷಣಾ ಸಂಶೋಧನಾ ಮತ್ತು ಅಭಿವೃದ್ಧಿ ಪ್ರಯೋಗಾಲಯವು ‘ಡೆವಿಲ್’ ಎಂಬ ಹೆಸರಿನಲ್ಲಿ ಸೋವಿಯತ್ ಒಕ್ಕೂಟದ ಎಸ್‌ಎ-2 ಕ್ಷಿಪಣಿಯನ್ನು ಬಿಚ್ಚಿ ನೋಡಿ ಅದರಂತೆಯೇ ಮತ್ತೊಂದನ್ನು ಮಾಡುವ ಪ್ರಯತ್ನಕ್ಕೆ ಕೈಹಾಕಿತು. ಆ ಯೋಜನೆ ಪೂರ್ಣ ಕ್ಷಿಪಣಿಯಾಗಿ ಫಲಿಸದೆ 1980ರ ವೇಳೆಗೆ ನಿಂತುಹೋಯಿತು. ಹೊರನೋಟಕ್ಕೆ ಇದು ಶುದ್ಧ ಸೋಲು. ಆದರೆ ದ್ರವ ಇಂಧನದ ಎಂಜಿನ್ ಕುರಿತು ಅಲ್ಲಿ ಗಳಿಸಿದ ಅನುಭವ ಕಡತಗಳಲ್ಲಿಯೂ ಎಂಜಿನಿಯರುಗಳ ಕೈಯಲ್ಲಿಯೂ ಉಳಿದುಕೊಂಡಿತು. ಮುಂದೆ ‘ಪೃಥ್ವಿ’ಯ ಎಂಜಿನ್ ಬೆಳೆದದ್ದು ಆ ಬೇರಿನಿಂದಲೇ.

1982ರ ಜೂನ್ ತಿಂಗಳಲ್ಲಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಬಾಹ್ಯಾಕಾಶ ಸಂಸ್ಥೆಯಿಂದ ಬಂದು ಈ ಪ್ರಯೋಗಾಲಯದ ಚುಕ್ಕಾಣಿ ಹಿಡಿದರು. 1960ರ ದಶಕದಲ್ಲಿ ಅಮೆರಿಕದ ವಾಲಪ್ಸ್ ದ್ವೀಪದಲ್ಲಿದ್ದ ನಾಸಾ ಕೇಂದ್ರಕ್ಕೆ ತರಬೇತಿಗೆ ಹೋಗಿದ್ದಾಗ, ಅಲ್ಲಿನ ಗೋಡೆಯ ಮೇಲೆ ಟಿಪ್ಪುವಿನ ಸೈನ್ಯದ ರಾಕೆಟ್ ಯುದ್ಧದ ಚಿತ್ರವನ್ನು ಕಂಡು ಬೆರಗಾದುದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ರಕ್ಷಣಾ ಸಚಿವರಾಗಿದ್ದ ಆರ್. ವೆಂಕಟರಾಮನ್ ಮತ್ತು ವೈಜ್ಞಾನಿಕ ಸಲಹೆಗಾರರಾಗಿದ್ದ ಡಾ. ವಿ.ಎಸ್. ಅರುಣಾಚಲಂ ಅವರ ಬೆಂಬಲದಿಂದ 1983ರ ಜುಲೈನಲ್ಲಿ ಸಮಗ್ರ ನಿರ್ದೇಶಿತ ಕ್ಷಿಪಣಿ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ಮಂಜೂರಾದ ಹಣ 388 ಕೋಟಿ ರೂಪಾಯಿ. ಒಂದಾದ ಮೇಲೊಂದರಂತೆ ಕೈಗೆತ್ತಿಕೊಳ್ಳುವ ಬದಲು ಎಲ್ಲ ಯೋಜನೆಗಳನ್ನೂ ಏಕಕಾಲಕ್ಕೆ ಆರಂಭಿಸಬೇಕೆಂದು ಸಚಿವರೇ ಸೂಚಿಸಿದರು. ಭೂಮಿಯಿಂದ ಭೂಮಿಗೆ ಹಾರುವ ಪೃಥ್ವಿ, ಹತ್ತಿರ ಬಂದ ವಿಮಾನವನ್ನು ತಡೆಯುವ ತ್ರಿಶೂಲ್, ದೂರದಲ್ಲೇ ತಡೆಯುವ ಆಕಾಶ್, ಟ್ಯಾಂಕ್ ನಿರೋಧಕ ನಾಗ್, ಇವು ನಾಲ್ಕು. ಐದನೆಯದು ವಾತಾವರಣಕ್ಕೆ ಮರುಪ್ರವೇಶಿಸುವ ತಂತ್ರವನ್ನು ಕಲಿಯುವ ಪ್ರಯೋಗ. ಅದೇ ಮುಂದೆ ‘ಅಗ್ನಿ’ ಆಯಿತು.

ಈ ಕಾರ್ಯದಲ್ಲಿ ಬೆಂಗಳೂರಿನ ಪಾಲು ಚಿಕ್ಕದಲ್ಲ. ಆಕಾಶ್ ಕ್ಷಿಪಣಿಯ ಕಣ್ಣಾದ ‘ರಾಜೇಂದ್ರ’ ರಾಡಾರ್ ರೂಪುಗೊಂಡದ್ದು ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯದಲ್ಲಿ. ಅನೇಕ ಗುರಿಗಳನ್ನು ಒಟ್ಟಿಗೆ ಗುರುತಿಸಿ ಬೆನ್ನಟ್ಟಲು ಬೇಕಾದ ಗಣಕ ತಂತ್ರಾಂಶವನ್ನು ಬರೆದವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಐ.ಜಿ. ಶರ್ಮ ಅವರ ಬಳಿ ಓದುತ್ತಿದ್ದ ವಿದ್ಯಾರ್ಥಿಗಳು. ಆ ರಾಡಾರಿನ ಕಿರಣವನ್ನು ಆಂಟೆನಾ ತಿರುಗಿಸದೆಯೇ ಬೇಕಾದ ದಿಕ್ಕಿಗೆ ಹೊರಳಿಸುವ ಬಿಡಿಭಾಗ ಹೊರಗಿನಿಂದ ದೊರೆಯದಾದಾಗ ದೆಹಲಿ ಐಐಟಿಯ ಪ್ರೊ. ಭಾರತಿ ಭಟ್ ಅವರ ತಂಡ ಅದನ್ನು ದೇಶದಲ್ಲೇ ಸಿದ್ಧಪಡಿಸಿಕೊಟ್ಟಿತು.

1988ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಪೃಥ್ವಿ ಮೊದಲ ಬಾರಿಗೆ ಯಶಸ್ವಿಯಾಗಿ ಹಾರಿತು. ಅದಕ್ಕೆ ಸುಮಾರು ಹತ್ತು ತಿಂಗಳು ಮೊದಲು, 1987ರ ಏಪ್ರಿಲ್‌ನಲ್ಲಿ, ಏಳು ರಾಷ್ಟ್ರಗಳು ಕೂಡಿ ಕ್ಷಿಪಣಿ ತಂತ್ರಜ್ಞಾನ ಬೇರೆ ದೇಶಗಳಿಗೆ ಹರಿಯದಂತೆ ಒಂದು ಒಪ್ಪಂದ ಮಾಡಿಕೊಂಡಿದ್ದವು. ನಾವು ಇಂದು ದುಡಿದು ತೆರಿಗೆ ಕಟ್ಟುತ್ತಿರುವ ಬ್ರಿಟನ್ ಆ ಏಳರಲ್ಲಿ ಒಂದು. ಭಾರತ ಅದೇ ಕೂಟಕ್ಕೆ ಸದಸ್ಯನಾಗಿ ಸೇರಿದ್ದು 2016ರಲ್ಲಿ.

ಅಗ್ನಿಯ ಕಥೆ ಇನ್ನೂ ಕಠಿಣವಾದುದು. ಅದರ ಮೊದಲ ಹಂತ ಎಸ್‌ಎಲ್‌ವಿ-3 ರಾಕೆಟ್ಟಿನ ಘನ ಇಂಧನದ ಮೋಟಾರು, ಎರಡನೆಯದು ಪೃಥ್ವಿಯಿಂದ ಬಂದ ದ್ರವ ಇಂಧನದ ಹಂತ. ವಾತಾವರಣಕ್ಕೆ ಮರಳುವಾಗ ಹೊರಮೈ ಸಾವಿರಾರು ಡಿಗ್ರಿ ಕಾಯುತ್ತದೆ, ಒಳಗಿನ ಉಪಕರಣಗಳು ಮಾತ್ರ ತಣ್ಣಗಿರಬೇಕು. ಇದಕ್ಕಾಗಿ ಇಂಗಾಲದ ಎಳೆಗಳಿಂದ ಹೆಣೆದ ಸಂಯುಕ್ತ ವಸ್ತುವಿನ ಕವಚವನ್ನು ಸಿದ್ಧಪಡಿಸಲಾಯಿತು. 1989ರ ಏಪ್ರಿಲ್ 20ರಂದು ಒಡಿಶಾದ ಚಾಂದಿಪುರದಲ್ಲಿ ಉಡಾವಣೆಗೆ ಎಲ್ಲವೂ ಸಜ್ಜಾಗಿತ್ತು. ಸುತ್ತಲಿನ ಹಳ್ಳಿಗರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು, ಪತ್ರಕರ್ತರು ಕಾದಿದ್ದರು. ಹಾರಲು 14 ಸೆಕೆಂಡು ಉಳಿದಿರುವಾಗ ಗಣಕವು ತಡೆಯ ಸಂಕೇತ ಕೊಟ್ಟಿತು. ಒಂದನ್ನು ಸರಿಪಡಿಸುವಷ್ಟರಲ್ಲಿ ಇನ್ನೊಂದು ತಡೆ ಬಂದು ಕೊನೆಗೆ ಉಡಾವಣೆಯನ್ನೇ ಕೈಬಿಡಬೇಕಾಯಿತು. ಮೇ 1ರಂದು ಮತ್ತೆ ಸಿದ್ಧತೆ. 10 ಸೆಕೆಂಡು ಇರುವಾಗ ಪುನಃ ತಡೆ, ಈ ಬಾರಿ ನಿಯಂತ್ರಣ ವ್ಯವಸ್ಥೆಯ ಒಂದು ಭಾಗದಲ್ಲಿ ದೋಷ. ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರಗಳು ಬಂದವು, ಬೆಣ್ಣೆಯ ಜಾಹೀರಾತೂ ಅಗ್ನಿಯನ್ನು ಗೇಲಿ ಮಾಡಿತು.

ಇಲ್ಲಿ ನಮ್ಮ ವೃತ್ತಿಯ ಒಂದು ಮಾತು. ಅನೇಕ ಆಸ್ಪತ್ರೆಗಳಲ್ಲಿ ನಿಯತವಾಗಿ ಒಂದು ಸಭೆ ಸೇರುತ್ತದೆ. ತೀರಿಕೊಂಡ ರೋಗಿಗಳ, ತೊಡಕಾದ ಶಸ್ತ್ರಚಿಕಿತ್ಸೆಗಳ ಕಡತವನ್ನು ಎಲ್ಲರೆದುರು ತೆರೆದು, ಎಲ್ಲಿ ತಪ್ಪಿತು ಎಂದು ಕೇಳುವ ಸಭೆ ಅದು. ಅಲ್ಲಿ ಪ್ರಶ್ನೆ ‘ಯಾರು’ ಎಂಬುದಲ್ಲ, ‘ಏನು’ ಮತ್ತು ‘ಏಕೆ’ ಎಂಬುದು. ಎಳೆಯ ವೈದ್ಯರಾಗಿದ್ದಾಗ ಆ ಸಭೆಯೆಂದರೆ ನಮಗೆ ಎದೆ ನಡುಗುತ್ತಿತ್ತು. ರೋಗಿಗಳನ್ನು ಕಾಪಾಡುವುದು ಅಂತಹ ಸಭೆಗಳೇ ಎಂಬುದು ಅರಿವಾದದ್ದು ಬಹಳ ಕಾಲದ ಮೇಲೆ. ಅಗ್ನಿಯ ತಂಡವೂ ಹಾಗೆಯೇ ಮಾಡಿತು. ನೂರಾರು ಮಂದಿ ಹಗಲಿರುಳು ಕುಳಿತು ದೋಷದ ಮೂಲ ಹುಡುಕಿದರು. 1989ರ ಮೇ 22ರ ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಅಗ್ನಿ ಹಾರಿತು.

ಅಲ್ಲಿಗೇ ಕಥೆ ಮುಗಿಸಿದರೆ ಕೇಳಲು ಸೊಗಸು. ಆದರೆ 1992ರ ಮೇ 29ರ ಎರಡನೆಯ ಹಾರಾಟ ವಿಫಲವಾಯಿತು. 1994ರ ಫೆಬ್ರವರಿಯಲ್ಲಿ ಮೂರನೆಯದು ಗೆದ್ದಿತು. 1999ರ ಏಪ್ರಿಲ್ 11ರಂದು ಅಗ್ನಿ-2 ಹಾರಿತು. ಅಗ್ನಿ-3 ತನ್ನ ಮೊದಲ ಪರೀಕ್ಷೆಯಲ್ಲಿ, 2006ರ ಜುಲೈ 9ರಂದು, ಸಮುದ್ರಕ್ಕೆ ಬಿತ್ತು. ಒಂಬತ್ತು ತಿಂಗಳ ಬಳಿಕ, 2007ರ ಏಪ್ರಿಲ್ 12ರಂದು, ಅದೂ ಯಶಸ್ವಿಯಾಯಿತು. 5,000 ಕಿಲೋಮೀಟರಿಗೂ ಹೆಚ್ಚು ದೂರ ಸಾಗಬಲ್ಲ ಅಗ್ನಿ-5 ಮೊದಲು ಹಾರಿದ್ದು 2012ರ ಏಪ್ರಿಲ್ 19ರಂದು. ಆಕಾಶ್ ಕ್ಷಿಪಣಿ ಭೂಸೇನೆ ಮತ್ತು ವಾಯುಪಡೆಗೆ ವಿಧಿವತ್ತಾಗಿ ಸೇರ್ಪಡೆಯಾದದ್ದು 2015ರಲ್ಲಿ, ಎಂದರೆ ಯೋಜನೆ ಆರಂಭವಾದ 32 ವರ್ಷಗಳ ನಂತರ. ನಾಗ್ ತನ್ನ ಅಂತಿಮ ಬಳಕೆದಾರ ಪರೀಕ್ಷೆಯನ್ನು ಮುಗಿಸಿದ್ದು 2020ರಲ್ಲಿ. ತ್ರಿಶೂಲ್ ಹತ್ತಾರು ಬಾರಿ ಹಾರಿದರೂ ಸೇನೆಯ ಅಸ್ತ್ರವಾಗಿ ನೆಲೆಗೊಳ್ಳಲಿಲ್ಲ. ವಿಳಂಬದ ಬಗೆಗೆ ಸಂಸತ್ತಿನಲ್ಲಿಯೂ ಪತ್ರಿಕೆಗಳಲ್ಲಿಯೂ ಬಂದ ಟೀಕೆಗಳನ್ನು ಅನ್ಯಾಯವೆಂದು ತಳ್ಳಿಹಾಕಲಾಗದು. ಸಾರ್ವಜನಿಕರ ಹಣದಿಂದ ನಡೆಯುವ ಕೆಲಸಕ್ಕೆ ಸಾರ್ವಜನಿಕ ಪ್ರಶ್ನೆಯೂ ಒಂದು ಪರೀಕ್ಷೆಯೇ.

ಲೆಕ್ಕದಲ್ಲಿ ಬಿಟ್ಟುಹೋಗಬಾರದ ಇನ್ನೊಂದು ಅಧ್ಯಾಯವಿದೆ. 1980ರ ದಶಕದಲ್ಲಿ ರಾಷ್ಟ್ರೀಯ ಪರೀಕ್ಷಾ ವಲಯವನ್ನು ಒಡಿಶಾದ ಬಾಲಿಯಾಪಾಲದಲ್ಲಿ ಸ್ಥಾಪಿಸಲು ಸರ್ಕಾರ ನಿರ್ಧರಿಸಿತು. ವೀಳ್ಯದೆಲೆ, ತೆಂಗು, ಗೋಡಂಬಿ ಬೆಳೆಯುವ ಫಲವತ್ತಾದ ಕರಾವಳಿ ನೆಲ ಅದು. ಊರವರು ಒಕ್ಕಲೇಳಲು ಒಪ್ಪಲಿಲ್ಲ. ರಸ್ತೆಗಳಿಗೆ ಅಡ್ಡಗಟ್ಟೆ ಹಾಕಿದರು, ಅಧಿಕಾರಿಗಳು ಬಂದಾಗ ಶಂಖ ಊದಿ, ತಟ್ಟೆ ಬಡಿದು ಊರನ್ನು ಎಚ್ಚರಿಸಿದರು. ಕೊನೆಗೂ ಪರೀಕ್ಷಾ ವಲಯ ಅಲ್ಲಿ ಬರಲಿಲ್ಲ. ಚಾಂದಿಪುರದ ಜೊತೆಗೆ ವೀಲರ್ ದ್ವೀಪ ಆ ಕೆಲಸಕ್ಕೆ ಒದಗಿತು. 2015ರಲ್ಲಿ ಅದಕ್ಕೆ ಅಬ್ದುಲ್ ಕಲಾಂ ದ್ವೀಪವೆಂದು ಹೆಸರಿಟ್ಟರು. ದೇಶದ ಹೆಮ್ಮೆಯ ಕಥೆ ಹೇಳುವಾಗ ಬಾಲಿಯಾಪಾಲದ ವೀಳ್ಯದೆಲೆ ತೋಟಗಳವರನ್ನೂ ನೆನೆಯುವುದು ನ್ಯಾಯ.

ವೈದ್ಯರಾದ ನಮಗೆ ಆಯುಧಗಳ ಇತಿಹಾಸ ಬರೆಯುವಾಗ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕು ಇದ್ದೇ ಇರುತ್ತದೆ. ಕ್ಷಿಪಣಿ ಕೊಲ್ಲಲೆಂದೇ ಕಟ್ಟಿದ ವಸ್ತು. ಕೋಪನ್‌ಹೇಗನ್‌ನಲ್ಲಿ ಉರಿದದ್ದು ಜನರ ಮನೆಗಳು. ಈ ಅಳುಕನ್ನು ಸಂಪೂರ್ಣವಾಗಿ ನೀಗುವ ಉತ್ತರ ನಮ್ಮಲ್ಲಿಲ್ಲ. ಆದರೂ ಒಂದು ಸಂಗತಿ ಹೇಳದಿರಲಾರೆವು. ನಾವು ಎಂಬಿಬಿಎಸ್ ಓದುತ್ತಿದ್ದ ದಿನಗಳಲ್ಲಿ ಮೂಳೆ ವಿಭಾಗದ ಹೊರರೋಗಿಗಳ ಸಾಲಿನಲ್ಲಿ ಪೋಲಿಯೊದಿಂದ ಕಾಲು ಸೊರಗಿದ ಮಕ್ಕಳು ಕಬ್ಬಿಣದ ಕ್ಯಾಲಿಪರ್ ಎಳೆದುಕೊಂಡು ಬರುತ್ತಿದ್ದರು. ನೆಲದ ಮೇಲೆ ಅದು ಎಬ್ಬಿಸುತ್ತಿದ್ದ ಸದ್ದಿನಿಂದಲೇ ಮಗು ಬಂತೆಂದು ತಿಳಿಯುತ್ತಿತ್ತು. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯ ಮೂಳೆ ತಜ್ಞರೊಬ್ಬರು ಕಲಾಂ ಅವರ ಪ್ರಯೋಗಾಲಯಕ್ಕೆ ಬಂದಾಗ ಅಲ್ಲಿನ ಸಂಯುಕ್ತ ವಸ್ತುವನ್ನು ಕೈಯಲ್ಲಿ ಎತ್ತಿ ನೋಡಿ, ಅದರ ಹಗುರತನಕ್ಕೆ ಬೆರಗಾಗಿ, ವಿಜ್ಞಾನಿಗಳನ್ನು ತಮ್ಮ ವಾರ್ಡಿಗೆ ಕರೆದೊಯ್ದರು. ಮೂರು ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಿದ್ದ ಕ್ಯಾಲಿಪರ್ ಸುಮಾರು 300–400 ಗ್ರಾಮಿಗೆ ಇಳಿಯಿತು. ಕಲಾಂ ಅವರು ತಮ್ಮ ಬದುಕಿನ ದೊಡ್ಡ ಸಂತಸಗಳಲ್ಲಿ ಒಂದೆಂದು ಅನೇಕ ಸಭೆಗಳಲ್ಲಿ ನೆನೆಯುತ್ತಿದ್ದುದು ಆ ಮಕ್ಕಳ ಓಡಾಟವನ್ನು.

ಮುಂದಿನ ಭಾನುವಾರ ತರಗತಿಯಲ್ಲಿ ಆ ಬಾಲಕಿಗೆ ನಾವು ಹೇಳಿದ್ದು ಇಷ್ಟು: “ಪುಟ್ಟಿ, ಯುದ್ಧ ಸೋಲೋದಕ್ಕೆ ಬೇರೆ ಬೇರೆ ಕಾರಣ ಇರ್ತವೆ. ರಾಕೆಟ್ಟಿನ ಮಟ್ಟಿಗೆ ಹೇಳೋದಾದ್ರೆ, ಮಾಡೋದು ಒಂದು ವಿದ್ಯೆ. ಅದು ಯಾಕೆ ಕೆಡ್ತು ಅಂತ ಬರೆದಿಟ್ಟು ಮತ್ತೆ ಮಾಡೋದು ಇನ್ನೊಂದು ವಿದ್ಯೆ. ನಮಗೆ ಆಗ ಮೊದಲನೇದು ಗೊತ್ತಿತ್ತು. ಎರಡನೇದನ್ನ ಈಗ ಕಲಿತಿದ್ದೀವಿ.” ಅವಳು ತುಸು ಯೋಚಿಸಿ, “ಹಾಗಾದ್ರೆ ನನ್ನ ಗಣಿತದ ಹಳೇ ಪೇಪರ್ ಬಿಸಾಕಬಾರದು” ಎಂದಳು. ತರಗತಿಯೆಲ್ಲ ನಕ್ಕಿತು.

ಕೊನೆಯಲ್ಲಿ ಸದಸ್ಯರಲ್ಲಿ ಒಂದು ವಿನಂತಿ. ನಮ್ಮ ಸಂಘದಲ್ಲಿ ಅನೇಕರ ತಂದೆ, ತಾಯಿ, ಮಾವಂದಿರು ಬೆಂಗಳೂರಿನ ಬಿಇಎಲ್, ಎಚ್‌ಎಎಲ್, ಎನ್‌ಎಎಲ್ ಹಾಗೂ ರಕ್ಷಣಾ ಪ್ರಯೋಗಾಲಯಗಳಲ್ಲಿ ದುಡಿದವರು. ಕಾರ್ಖಾನೆಯ ಬಸ್ಸು, ಕ್ಯಾಂಟೀನಿನ ಊಟ, ಮನೆಯಲ್ಲಿ ಕೆಲಸದ ಬಗ್ಗೆ ಬಾಯಿ ಬಿಡದ ಅಪ್ಪ, ಇವೆಲ್ಲ ನಮ್ಮಲ್ಲಿ ಹಲವರ ಬಾಲ್ಯದ ನೆನಪುಗಳು. ಗೋಪ್ಯವಾದುದನ್ನು ಯಾರೂ ಹೇಳಬೇಕಿಲ್ಲ. ಆದರೆ ಆ ಹಿರಿಯರು ಹೇಗೆ ಬದುಕಿದರು, ಒಂದು ಪರೀಕ್ಷೆ ಸೋತ ರಾತ್ರಿ ಮನೆ ಹೇಗಿತ್ತು, ಗೆದ್ದ ದಿನ ಏನು ಸಿಹಿ ಮಾಡಿದರು ಎಂಬುದನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ಅವರಲ್ಲಿ ಬಹುತೇಕರಿಗೆ ಈಗ ಎಪ್ಪತ್ತು ದಾಟಿದೆ. ಈ ವಾರದ ದೂರವಾಣಿ ಕರೆಯಲ್ಲೇ ಕೇಳಿ ನೋಡಿ.